ಕೊಂಡ ಲಿಂಕು, ಗಳಿಸಿದ ಲಿಂಕು: ಒಂದು ಕಾಫಿ ಅಂಗಡಿಯ ಲೆಕ್ಕ

ಇಲ್ಲೇ ಇಂಗ್ಲೆಂಡಿನಲ್ಲಿರುವ ನನ್ನ ಗೆಳೆಯನೊಬ್ಬ ಮತ್ತು ಅವನ ಹೆಂಡತಿ ಮೂರು ವರ್ಷದಿಂದ ಆನ್‌ಲೈನಿನಲ್ಲಿ ಫಿಲ್ಟರ್ ಕಾಫಿ ಸಾಮಾನು ಮಾರುತ್ತಿದ್ದಾರೆ. ಚಿಕ್ಕಮಗಳೂರಿನ ಕಾಫಿಪುಡಿ, ಸ್ಟೀಲ್ ಮತ್ತು ಹಿತ್ತಾಳೆ ಫಿಲ್ಟರು, ಲೋಟ-ಬಟ್ಟಲು. ಇಬ್ಬರಿಗೂ ಬೇರೆ ಉದ್ಯೋಗ ಇದೆ, ಇದು ಸಂಜೆ ಮತ್ತು ವಾರಾಂತ್ಯದ ಅಂಗಡಿ. (ಇಬ್ಬರಿಗೂ ಐಎಲ್‌ಆರ್ ಸಿಕ್ಕಿದೆ. ನೀವು ವರ್ಕ್ ವೀಸಾದಲ್ಲಿದ್ದರೆ ಇಂಥದ್ದಕ್ಕೆ ಕೈ ಹಾಕುವ ಮೊದಲು ವೀಸಾದ ನಿಯಮ ನೋಡಿಕೊಳ್ಳಿ.) ಕಳೆದ ವರ್ಷ ಜನವರಿಯಲ್ಲಿ ಅವನು ಅಂಗಡಿಯ ಲೆಕ್ಕದ ಎಕ್ಸೆಲ್ ಕಳಿಸಿ ಕೇಳಿದ: "ಐಸಾದಿಂದ ಹದಿನೈದು ಸಾವಿರ ಪೌಂಡ್ ತೆಗೆದು ಇದಕ್ಕೆ ಹಾಕೋಣ ಅಂತಿದೀನಿ ಕಣೋ. ಏನಂತೀಯಾ?"

ಐಸಾದಿಂದ ಹಣ ತೆಗೆಯೋದು ಸಣ್ಣ ವಿಷಯ ಅಲ್ಲ. ಖಾತೆ ಫ್ಲೆಕ್ಸಿಬಲ್ ಬಗೆಯದ್ದಲ್ಲದಿದ್ದರೆ, ತೆಗೆದ ಹಣವನ್ನು ಮತ್ತೆ ಹಾಕುವಾಗ ಅದು ಆ ವರ್ಷದ 20,000 ಪೌಂಡ್ ಮಿತಿಯನ್ನೇ ತಿನ್ನುತ್ತದೆ. ಹಾಗಾಗಿ ಲೆಕ್ಕವನ್ನು ಸಾಲು ಸಾಲಾಗಿ ನೋಡಿದೆ. ಹಿಂದಿನ ವರ್ಷ 620 ಆರ್ಡರ್ ಬಂದಿದ್ದವು. ಸಾಮಾನಿನ ಬೆಲೆ, ಪೆಟ್ಟಿಗೆ, ಅಂಚೆ ವೆಚ್ಚ, ಕಾರ್ಡ್ ಶುಲ್ಕ ಎಲ್ಲ ಕಳೆದು ಆರ್ಡರೊಂದಕ್ಕೆ ಸರಾಸರಿ 11 ಪೌಂಡ್ ಉಳಿದಿತ್ತು. ಅಂದರೆ 6,820 ಪೌಂಡ್. ಅದರ ಕೆಳಗೆ "ಮಾರ್ಕೆಟಿಂಗ್" ಎಂಬ ಸಾಲಿನಲ್ಲಿ ತಿಂಗಳಿಗೆ 450 ಪೌಂಡ್, ಹನ್ನೆರಡು ತಿಂಗಳಿಗೆ 5,400. ಇಬ್ಬರ ವರ್ಷದ ಸಂಜೆಗಳಿಗೆ ಉಳಿದದ್ದು 1,420 ಪೌಂಡ್!

ಆ 450 ಪೌಂಡಿಗೆ ಏನು ಬರುತ್ತೆ ಅಂತ ಕೇಳಿದೆ. "ಬ್ಯಾಕ್‌ಲಿಂಕ್. ತಿಂಗಳಿಗೆ ಇಪ್ಪತ್ತು, ಎಲ್ಲಾ ಹೈ ಕ್ವಾಲಿಟಿ" ಅಂದ. ಏಜೆನ್ಸಿ ಕೊಟ್ಟಿದ್ದ ಪಟ್ಟಿಯಲ್ಲಿ 240 ಲಿಂಕುಗಳಿದ್ದವು. ಒಂದು ಶನಿವಾರ ಕೂತು ಸುಮಾರು ಅರವತ್ತನ್ನು ತೆರೆದು ನೋಡಿದೆ. ಹೆಂಚು ರಿಪೇರಿಯ ಬ್ಲಾಗು, ನಾಯಿ ಆಹಾರದ ಬ್ಲಾಗು, ಆನ್‌ಲೈನ್ ಜೂಜಿನ ಜಾಹೀರಾತು ತುಂಬಿದ "ಲೈಫ್‌ಸ್ಟೈಲ್" ಪತ್ರಿಕೆ. ಪ್ರತಿಯೊಂದರಲ್ಲೂ ಯಾರೂ ಓದದ ಒಂದು ಲೇಖನ, ಅದರ ನಡುವೆ "ಬೈ ಫಿಲ್ಟರ್ ಕಾಫಿ ಯುಕೆ" ಎಂಬ ಮೂರ್ನಾಲ್ಕು ಪದ, ಅದಕ್ಕೆ ಗೆಳೆಯನ ಅಂಗಡಿಯ ಲಿಂಕು. ಹೆಂಚಿನ ಕೆಲಸದವನು ಫಿಲ್ಟರ್ ಕಾಫಿಯನ್ನು ಯಾಕೆ ಶಿಫಾರಸು ಮಾಡ್ತಾನೆ ಎಂಬ ಪ್ರಶ್ನೆ ನನಗೇ ಬಂತು. ಗೂಗಲ್‌ಗೆ ಬರದೇ ಇರುತ್ತದೆಯೇ?

ನಿಮ್ಮಲ್ಲೂ ಹಲವರು ಕೆಲಸದ ಜೊತೆಗೆ ಇಂಥ ಸಣ್ಣ ಅಂಗಡಿ ನಡೆಸುತ್ತಿದ್ದೀರಿ, ಇಲ್ಲವೇ ನಡೆಯುತ್ತಿರುವ ಅಂಗಡಿಯೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದೀರಿ. ಅದಕ್ಕೇ ಈ ಪಾಠ.

ಮೊದಲು ಮೂಲ ವಿಷಯ. ನಮ್ಮ ಕಡೆ ಮದುವೆ ಜವಳಿ ತೆಗೆಯುವಾಗ ಯಾರೂ ಅಂಗಡಿಯ ಬೋರ್ಡು ನೋಡಿ ಒಳಗೆ ಹೋಗೋದಿಲ್ಲ. ಹೋದ ವರ್ಷ ಮಗಳ ಮದುವೆ ಮಾಡಿದ ಅತ್ತೆಯನ್ನು ಕೇಳುತ್ತಾರೆ. ಅವರ ಮನೆಯ ಸೀರೆಗಳನ್ನು ಹತ್ತು ಜನ ಮೆಚ್ಚಿದ್ದರೆ ಆ ಅತ್ತೆಯ ಮಾತಿಗೆ ಇನ್ನೂ ತೂಕ. ಚಿಕ್ಕಪೇಟೆಯ ಬಾಗಿಲಲ್ಲಿ ನಿಂತು "ಬನ್ನಿ ಅಕ್ಕಾ, ಒಳಗೆ ಬನ್ನಿ" ಅಂತ ಕರೆಯುವ ಹುಡುಗನ ಮಾತಿಗೆ ಆ ತೂಕ ಇಲ್ಲ, ಅವನಿಗೆ ಕಮಿಷನ್ ಇದೆ ಅಂತ ಎಲ್ಲರಿಗೂ ಗೊತ್ತು. ಲ್ಯಾರಿ ಪೇಜ್ ಮತ್ತು ಸೆರ್ಗೇ ಬ್ರಿನ್ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ 1998ರಲ್ಲಿ ವಿವರಿಸಿದ ಪೇಜ್‌ರ‍್ಯಾಂಕ್ ಲೆಕ್ಕ ಹೆಚ್ಚುಕಡಿಮೆ ಇದೇ. ಒಂದು ಪುಟಕ್ಕೆ ಎಷ್ಟು ಪುಟಗಳು ಲಿಂಕ್ ಕೊಟ್ಟಿವೆ ಎಂಬುದಷ್ಟೇ ಅಲ್ಲ, ಕೊಟ್ಟ ಪುಟಗಳಿಗೆ ಯಾರು ಲಿಂಕ್ ಕೊಟ್ಟಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಈಗ ಗೂಗಲ್ ನೋಡುವ ಸಂಗತಿಗಳು ನೂರಾರಿವೆ, ಲಿಂಕಿನ ಮಹತ್ವ ಮೊದಲಿನಷ್ಟಿಲ್ಲ ಎಂದು ಗೂಗಲಿನವರೇ ಹೇಳಿದ್ದಾರೆ. ಆದರೂ ಒಂದೇ ಸಾಮಾನನ್ನು ಮಾರುವ ಇಪ್ಪತ್ತು ಅಂಗಡಿಗಳಲ್ಲಿ ಯಾರನ್ನು ಮೇಲಿಡಬೇಕು ಎಂದಾಗ ಬೇರೆಯವರ ಮಾತು ಇವತ್ತಿಗೂ ಕೆಲಸಕ್ಕೆ ಬರುತ್ತದೆ.

ಮಾತಿಗೆ ಬೆಲೆ ಇದ್ದಲ್ಲಿ ಮಾತನ್ನು ಮಾರುವವರೂ ಹುಟ್ಟುತ್ತಾರೆ. ಇದರಲ್ಲಿ ದೊಡ್ಡ ದೊಡ್ಡವರೇ ಎಡವಿದ್ದಾರೆ.

2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅಮೆರಿಕದ ಜೆ.ಸಿ. ಪೆನ್ನಿ ಎಂಬ ಹಳೆಯ ದೊಡ್ಡ ಮಳಿಗೆಯ ಬಗ್ಗೆ ಒಂದು ವರದಿ ಪ್ರಕಟಿಸಿತು. ಅದರ ಹಿಂದಿನ ತಿಂಗಳುಗಳಲ್ಲಿ, ಅಂದರೆ ಅಮೆರಿಕದಲ್ಲಿ ವ್ಯಾಪಾರ ಅತಿ ಹೆಚ್ಚು ನಡೆಯುವ ಕ್ರಿಸ್‌ಮಸ್ ಕಾಲದಲ್ಲಿ, ಡ್ರೆಸ್, ಹಾಸಿಗೆ ಬಟ್ಟೆ, ನೆಲಗಂಬಳಿ ಏನು ಹುಡುಕಿದರೂ ಗೂಗಲಿನಲ್ಲಿ ಮೊದಲ ಸ್ಥಾನ ಈ ಅಂಗಡಿಯದೇ. ಪತ್ರಿಕೆ ಕೆದಕಿದಾಗ ಸಾವಿರಾರು ಸಂಬಂಧವಿಲ್ಲದ ಪುಟಗಳಿಂದ ಲಿಂಕುಗಳು ಬಂದಿರೋದು ಕಂಡಿತು. ಬಲ್ಗೇರಿಯಾದ ಆಸ್ತಿ ಮಾರಾಟದ ತಾಣ, ಜೂಜಿನ ತಾಣ, ಹೀಗೆ. ವಿಷಯ ಗೂಗಲಿಗೆ ಮುಟ್ಟಿದ ಮೇಲೆ ಒಂದು ಬುಧವಾರ ಸಂಜೆ ಏಳಕ್ಕೆ "ಸ್ಯಾಮ್ಸನೈಟ್ ಕ್ಯಾರಿ ಆನ್ ಲಗೇಜ್" ಹುಡುಕಾಟದಲ್ಲಿ ಮೊದಲನೆಯದಾಗಿದ್ದ ಅಂಗಡಿ, ಒಂಬತ್ತಕ್ಕೆ 71ನೆಯದಾಗಿತ್ತು. ಎರಡೇ ಗಂಟೆ. ಈ ಲಿಂಕುಗಳಿಗೆ ನಾವು ಒಪ್ಪಿಗೆ ಕೊಟ್ಟಿರಲಿಲ್ಲ ಎಂದು ಕಂಪನಿ ಹೇಳಿತು, ತನ್ನ ಎಸ್‌ಇಒ ಏಜೆನ್ಸಿಯನ್ನು ಕೈಬಿಟ್ಟಿತು. ಆದರೆ ಶಿಕ್ಷೆ ಏಜೆನ್ಸಿಗಲ್ಲ, ಅಂಗಡಿಗೆ. ಸ್ಥಾನ ಮರಳಿ ಬರಲು ಸುಮಾರು ತೊಂಬತ್ತು ದಿನ ಹಿಡಿಯಿತು.

ಅದೇ ತಿಂಗಳು ಓವರ್‌ಸ್ಟಾಕ್ ಸಿಕ್ಕಿಬಿತ್ತು. ಅವರು ನೇರವಾಗಿ ಹಣ ಕೊಟ್ಟಿರಲಿಲ್ಲ. ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಶೇ. 10 ರಿಯಾಯಿತಿ ಕೊಡ್ತೀವಿ, ಪ್ರತಿಯಾಗಿ ನಿಮ್ಮ ತಾಣದಲ್ಲಿ ನಮ್ಮ ಸಾಮಾನಿನ ಹೆಸರಿಗೆ ಲಿಂಕ್ ಹಾಕಿ ಎಂದು ಕಾಲೇಜು, ವಿಶ್ವವಿದ್ಯಾಲಯಗಳನ್ನು ಕೇಳಿದ್ದರು. ವಿಶ್ವವಿದ್ಯಾಲಯದ ಪುಟದಲ್ಲಿ ವ್ಯಾಕ್ಯೂಮ್ ಕ್ಲೀನರಿನ ಲಿಂಕು! ಇದೂ ವಿನಿಮಯವೇ ಎಂದು ಗೂಗಲ್ ತೀರ್ಮಾನಿಸಿತು. ಏಪ್ರಿಲ್‌ವರೆಗೆ, ಅಂದರೆ ಎರಡು ತಿಂಗಳು, ಅವರ ಸ್ಥಾನಗಳು ಕೆಳಗೇ ಇದ್ದವು. "ನಾವು ದುಡ್ಡು ಕೊಡಲ್ಲ, ಬರೀ ಸಾಮಾನು ಕಳಿಸ್ತೀವಿ" ಎನ್ನುವವರು ಇದನ್ನು ನೆನಪಿಡಬೇಕು. ಪುಕ್ಕಟೆ ಸಾಮಾನು ಕೊಟ್ಟು ಪಡೆದ ಲಿಂಕೂ ಕೊಂಡ ಲಿಂಕೇ.

ಇಂಗ್ಲೆಂಡಿನ ಕತೆ ಹೂವಿನದು. 2013ರ ಫೆಬ್ರವರಿಯಲ್ಲಿ, ವ್ಯಾಲೆಂಟೈನ್ಸ್ ಡೇ ಮುಗಿದು ಒಂದು ವಾರಕ್ಕೆ, ಇಂಟರ್‌ಫ್ಲೋರಾ ಗೂಗಲಿನಿಂದ ಮಾಯವಾಯಿತು. "ಫ್ಲವರ್ಸ್" ಎಂಬ ಹುಡುಕಾಟ ಹೋಗಲಿ, ತನ್ನ ಹೆಸರನ್ನೇ ಹುಡುಕಿದರೂ ಕಾಣದ ಹಾಗೆ. ಪ್ರಾದೇಶಿಕ ಪತ್ರಿಕೆಗಳ ತಾಣಗಳಲ್ಲಿ ಸುದ್ದಿಯ ವೇಷದಲ್ಲಿ ಬಂದಿದ್ದ ನೂರಾರು ಜಾಹೀರಾತು ಲೇಖನಗಳನ್ನು ಎಸ್‌ಇಒ ವಲಯದವರು ಹೆಕ್ಕಿ ತೋರಿಸಿದರು. ಗೂಗಲ್ ಅಂಗಡಿಯ ಹೆಸರು ಹೇಳಲಿಲ್ಲ, ಆದರೆ ಅದೇ ವಾರ ಲಿಂಕ್ ಮಾರುವವರಿಗೂ ಕೊಳ್ಳುವವರಿಗೂ ಒಂದು ಎಚ್ಚರಿಕೆ ಪ್ರಕಟಿಸಿತು. ಹನ್ನೊಂದು ದಿನದಲ್ಲಿ ಅಂಗಡಿ ವಾಪಸ್ ಬಂತು. ಮಾರ್ಚ್ 10ರಂದು ಇಲ್ಲಿನ ಮದರ್ಸ್ ಡೇ ಇತ್ತು, ಹೂವಿನವರಿಗೆ ಅದು ನಮ್ಮ ವರಮಹಾಲಕ್ಷ್ಮಿ ಹಬ್ಬದಂತೆ. ಅದಕ್ಕೆ ಆರು ದಿನ ಮೊದಲು ಪಾರಾದರು. ದೊಡ್ಡ ಹೆಸರಾದ್ದರಿಂದ ಇಷ್ಟು ಬೇಗ ಮುಗಿಯಿತೋ ಏನೋ. ನನ್ನ ನಿಮ್ಮಂಥವರ ಅಂಗಡಿಗೆ ಹನ್ನೊಂದು ದಿನ ಅಂತ ಯಾರೂ ಎಣಿಸಿ ಕೂರೋದಿಲ್ಲ.

ಇವೆಲ್ಲ ಹಳೆಯ ಕತೆ ಅನ್ನಬೇಡಿ. ಅಲ್ಲಿಂದಾಚೆಗೆ ಬದಲಾಗಿರೋದು ಶಿಕ್ಷೆಯ ರೀತಿ. 2012ರ ಏಪ್ರಿಲಿನಲ್ಲಿ ಬಂದ ಪೆಂಗ್ವಿನ್ ಅಪ್‌ಡೇಟ್ ಕೆಟ್ಟ ಲಿಂಕುಗಳಿದ್ದ ತಾಣಗಳನ್ನು ಕೆಳಕ್ಕೆ ತಳ್ಳುತ್ತಿತ್ತು. 2016ರಿಂದ ಆ ಲಿಂಕುಗಳನ್ನು ಲೆಕ್ಕದಿಂದಲೇ ಬಿಟ್ಟುಬಿಡುವ ಕಡೆಗೆ ಅದು ತಿರುಗಿತು. 2022ರ ಡಿಸೆಂಬರಿನಲ್ಲಿ ಸ್ಪ್ಯಾಮ್‌ಬ್ರೇನ್ ಎಂಬ ಎಐ ವ್ಯವಸ್ಥೆಯನ್ನೂ ಇದೇ ಕೆಲಸಕ್ಕೆ ಹಚ್ಚಿದರು. ಕೈಯಿಂದ ವಿಧಿಸುವ ಶಿಕ್ಷೆ, ಅಂದರೆ ಮ್ಯಾನುಯಲ್ ಆಕ್ಷನ್, ಈಗಲೂ ಇದೆ. ಆದರೆ ಹೆಚ್ಚಿನ ಬಾರಿ ಏನೂ ಆಗೋದಿಲ್ಲ. ನೋಟಿಸ್ ಇಲ್ಲ, ಕುಸಿತ ಇಲ್ಲ. ಕೊಟ್ಟ ಹಣಕ್ಕೆ ಸೊನ್ನೆ ಸಿಗುತ್ತದೆ, ಸೊನ್ನೆ ಸಿಕ್ಕಿದ್ದು ಗೊತ್ತೂ ಆಗೋದಿಲ್ಲ. ಏಜೆನ್ಸಿಯ ತಿಂಗಳ ವರದಿಯಲ್ಲಿ ಮಾತ್ರ ಲಿಂಕಿನ ಸಂಖ್ಯೆ ಏರುತ್ತಲೇ ಇರುತ್ತದೆ. ನನ್ನ ಪ್ರಕಾರ ಇದು ಹಳೆಯ ಶಿಕ್ಷೆಗಿಂತ ಕೆಟ್ಟದ್ದು. ಬಿದ್ದ ಷೇರನ್ನು ಮಾರಿ ಹೊರಬರಬಹುದು, ಹೋದ ಹಣ ಹೋಗಿದೆ ಅಂತಲೇ ತೋರದ ಹೂಡಿಕೆಗೆ ಮಾತ್ರ ತಿಂಗಳು ತಿಂಗಳೂ ಕಟ್ಟುತ್ತಲೇ ಇರುತ್ತೇವೆ.

ಬ್ರಿಟನ್ನಿನಲ್ಲಿರುವವರಿಗೆ ಕಾನೂನಿನ ತೊಡಕೂ ಇದೆ. ಹಣ ಕೊಟ್ಟು ಬರೆಸಿದ್ದನ್ನು ಜಾಹೀರಾತು ಎಂದು ತಿಳಿಸದೆ ಸಂಪಾದಕೀಯ ಬರಹದ ಹಾಗೆ ತೋರಿಸುವುದು ನಿಷೇಧ. 2025ರ ಏಪ್ರಿಲಿನಿಂದ ಜಾರಿಗೆ ಬಂದ ಹೊಸ ಗ್ರಾಹಕ ಕಾನೂನಿನಡಿ ಸಿಎಂಎ ಕೋರ್ಟಿಗೆ ಹೋಗದೆಯೇ ಜಾಗತಿಕ ವಹಿವಾಟಿನ ಶೇ. 10ರವರೆಗೆ ದಂಡ ಹಾಕಬಹುದು. ನಮ್ಮ ಕಾಫಿ ಅಂಗಡಿಯ ಬಾಗಿಲಿಗೆ ಸಿಎಂಎ ಬರುತ್ತೆ ಅಂತ ಹೆದರಿಸುತ್ತಿಲ್ಲ. "ಎಲ್ಲರೂ ಮಾಡ್ತಾರೆ ಸಾರ್" ಎಂಬ ಏಜೆನ್ಸಿಯ ಮಾತು ಕಾನೂನಿನ ಎದುರು ನಿಲ್ಲೋದಿಲ್ಲ ಅಷ್ಟೆ. ಲಿಂಕಿಗೆ ಹಣ ಕೊಡುವುದೇ ತಪ್ಪು ಎಂದೂ ಅರ್ಥವಲ್ಲ. ಓದುಗರು ಬರಲಿ ಎಂದು ಜಾಹೀರಾತು ಕೊಡಿ, ಪ್ರಾಯೋಜಿತ ಎಂದು ಹೇಳಿ, ಲಿಂಕಿಗೆ "ಸ್ಪಾನ್ಸರ್ಡ್" ಅಥವಾ "ನೋಫಾಲೋ" ಗುರುತು ಹಾಕಿಸಿ. ಗೂಗಲಿಗೆ ತಕರಾರಿಲ್ಲ. ಆಗ ಅದು ಜಾಹೀರಾತಿನ ಖರ್ಚು, ರ‍್ಯಾಂಕಿಂಗಿನ ಹೂಡಿಕೆ ಅಲ್ಲ.

ಗೆಳೆಯನಿಗೆ ಇಷ್ಟು ಹೇಳಿದಾಗ ಅವನು ಸುಮ್ಮನಾದ. ಅವನ ಹೆಂಡತಿ ಮಾತ್ರ ಬಿಡಲಿಲ್ಲ. "ಸರಿ ಅಣ್ಣಾ, ಕೊಳ್ಳಬಾರದು. ಹಾಗಾದ್ರೆ ನಮಗ್ಯಾಕೆ ಯಾರಾದ್ರೂ ಸುಮ್ಮನೆ ಲಿಂಕ್ ಕೊಡ್ತಾರೆ?"

ಸರಿಯಾದ ಪ್ರಶ್ನೆ. ಕೊಡೋದಿಲ್ಲ, ಇದು ಅಂಗಡಿಗಳ ಕಷ್ಟವೇ. ಒಂದು ಫಿಲ್ಟರಿನ ಮಾರಾಟದ ಪುಟಕ್ಕೆ ಯಾರು ಯಾಕೆ ಲಿಂಕ್ ಕೊಡಬೇಕು? ಬೆಲೆ, ಫೋಟೋ, "ಬುಟ್ಟಿಗೆ ಹಾಕಿ" ಎಂಬ ಗುಂಡಿ, ಅಲ್ಲಿ ಬೇರೇನಿದೆ? ಜನ ಲಿಂಕ್ ಕೊಡೋದು ತಮ್ಮ ಓದುಗರಿಗೆ ಉಪಯೋಗಕ್ಕೆ ಬರುವ, ತಾವೇ ಬರೆಯಲು ಪುರುಸೊತ್ತಿಲ್ಲದ ಮಾಹಿತಿಗೆ. ಅಂಥ ಒಂದು ಪುಟ ನಿಮ್ಮ ತಾಣದಲ್ಲಿದ್ದರೆ ಲಿಂಕು ಅದಕ್ಕೆ ಬರುತ್ತದೆ. ಆ ಪುಟದಿಂದ ಮಾರಾಟದ ಪುಟಕ್ಕೆ ನೀವೇ ಒಳಗಿನ ಲಿಂಕ್ ಕೊಟ್ಟುಕೊಳ್ಳಬೇಕು. ತೋಟಕ್ಕೆ ಕಾಲುವೆ ತೋಡಿದ ಹಾಗೆ, ನೀರು ಒಂದು ಕಡೆ ಬಂದರೆ ಸಾಲಿಗೆಲ್ಲ ಹರಿಯುತ್ತದೆ.

ನಾನು ಕೇಳಿದ್ದು ಇಷ್ಟೇ: ನಿಮ್ಮ ಗ್ರಾಹಕರು ಪದೇ ಪದೇ ಕೇಳುವ, ಇಂಟರ್ನೆಟ್ಟಿನಲ್ಲಿ ಸರಿಯಾದ ಉತ್ತರ ಸಿಗದ ಪ್ರಶ್ನೆ ಯಾವುದು? ಆಕೆ ತಟ್ಟನೆ ಹೇಳಿದರು. "ಊರಲ್ಲಿ ಬರೋ ರುಚಿ ಇಲ್ಲಿ ಯಾಕೆ ಬರಲ್ಲ ಅಂತ. ಲಂಡನ್ನಿನವರು ತುಂಬಾ ಕೇಳ್ತಾರೆ, ಗ್ಲಾಸ್ಗೋದವರು ಕೇಳೋದೇ ಇಲ್ಲ."

ಆ ಕೊನೆಯ ಮಾತಿನಲ್ಲೇ ಪುಟ ಇತ್ತು. ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡಿನ ನೀರು ಗಡಸು, ಕೆಟಲಿನ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುವುದನ್ನು ನೀವೇ ನೋಡಿದ್ದೀರಿ. ಗ್ಲಾಸ್ಗೋಗೆ ಬರೋದು ಲಾಕ್ ಕ್ಯಾಟ್ರಿನ್ ಸರೋವರದ ಮೆದು ನೀರು. ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಕಾಫಿಯ ಹುಳಿಯಂಶವನ್ನು ಕೊಂದು ರುಚಿಯನ್ನು ಸಪ್ಪೆ ಮಾಡುತ್ತದೆ. ಕಾಫಿ ಹವ್ಯಾಸಿಗಳಿಗೆ ಇದು ಗೊತ್ತಿರುವ ವಿಷಯ. ಆದರೆ ಎಸ್ಪ್ರೆಸೊ ಬಗ್ಗೆ ಬರೆದವರಿದ್ದಾರೆ, ನಮ್ಮ ಫಿಲ್ಟರು ಮತ್ತು ಚಿಕೋರಿ ಬೆರೆಸಿದ ಪುಡಿ ಇಟ್ಟುಕೊಂಡು ಅಳೆದವರನ್ನು ನಾವು ಹುಡುಕಿದರೂ ಸಿಗಲಿಲ್ಲ. ಆಕೆ ಅಳೆದರು. ಚಿಕೋರಿ ಇಲ್ಲದ್ದು, 80:20, 60:40, ಹೀಗೆ ಮೂರು ಪುಡಿ. ನಲ್ಲಿ ನೀರು, ಜಗ್ಗಿನಲ್ಲಿ ಸೋಸಿದ ನೀರು, ಗ್ಲಾಸ್ಗೋದಲ್ಲಿರುವ ಅವರ ಚಿಕ್ಕಮ್ಮನ ಮಗಳು ಅಲ್ಲೇ ಇಳಿಸಿದ್ದು. ಪ್ರತಿಸಲ ಪುಡಿಯ ತೂಕ, ನೀರಿನ ಅಳತೆ, ಡಿಕಾಕ್ಷನ್ ಇಳಿಯಲು ಹಿಡಿದ ನಿಮಿಷ ಬರೆದಿಟ್ಟರು. ನೀರಿನ ಗಡಸುತನ ನೋಡುವ ಪಟ್ಟಿ, ಪುಡಿ, ಅಂಚೆ ಸೇರಿ 160 ಪೌಂಡ್ ಖರ್ಚು, ನಾಲ್ಕು ವಾರಾಂತ್ಯದ ಕೆಲಸ. ಕೆಟ್ಟುಹೋದ ಡಿಕಾಕ್ಷನ್ನಿನ ಫೋಟೋವನ್ನೂ ಪುಟದಲ್ಲಿ ಹಾಕಿದರು. ತಮ್ಮ ಅಂಗಡಿಯ 60:40 ಪುಡಿ ಲಂಡನ್ ನೀರಿಗೆ ಅಷ್ಟು ಚೆನ್ನಾಗಿ ಹೊಂದೋದಿಲ್ಲ ಅಂತಲೂ ಬರೆದರು. ಗೆಳೆಯ ಅದನ್ನು ತೆಗೆಸಲು ನೋಡಿದ, ಆಕೆ ಒಪ್ಪಲಿಲ್ಲ. ಆ ಸಾಲಿನಿಂದಲೇ ಪುಟವನ್ನು ಜನ ನಂಬಿದರು ಅನ್ನೋದು ನನ್ನ ಅಂದಾಜು.

ಪುಟ ಹಾಕಿ ಸುಮ್ಮನೆ ಕೂತರೆ ಯಾರಿಗೂ ಗೊತ್ತಾಗೋದಿಲ್ಲ. ಕಾಫಿಯ ಬಗ್ಗೆ, ದಕ್ಷಿಣ ಭಾರತದ ಅಡುಗೆಯ ಬಗ್ಗೆ ನಿಜವಾಗಿ ಬರೆಯುತ್ತಿರುವ ಮೂವತ್ತು ಜನರ ಪಟ್ಟಿ ಮಾಡಿದರು. ಒಬ್ಬೊಬ್ಬರಿಗೂ ಅವರು ಬರೆದದ್ದನ್ನು ಓದಿ ಬೇರೆ ಬೇರೆ ಇಮೇಲ್, ನಾಲ್ಕೈದು ಸಾಲು. ಲಿಂಕ್ ಕೊಡಿ ಎಂಬ ಮಾತೇ ಇಲ್ಲ. "ನಿಮ್ಮ ಲೇಖನದಲ್ಲಿ ನೀರಿನ ಪ್ರಸ್ತಾಪ ಇತ್ತು, ನಾವು ಅಳೆದಿದ್ದೇವೆ, ಅಂಕಿಗಳು ಬೇಕಾದರೆ ಬಳಸಿಕೊಳ್ಳಿ" ಎಂದಷ್ಟೇ. ಇಪ್ಪತ್ತೊಂದು ಜನ ಉತ್ತರಿಸಲೇ ಇಲ್ಲ. ಮೊದಲ ಎರಡು ತಿಂಗಳು ಬಂದದ್ದು ಒಂದೇ ಲಿಂಕು, ಅದೂ ನೋಫಾಲೋ. ಆಮೇಲೆ ಕಾಫಿ ಹವ್ಯಾಸಿಗಳ ತಾಣವೊಂದು ಅಂಕಿಗಳನ್ನು ಎತ್ತಿ ಬರೆಯಿತು, ಅದನ್ನು ನೋಡಿ ಅಡುಗೆ ಲೇಖಕಿಯೊಬ್ಬರು, ಆಮೇಲೆ ನೀರು ಸೋಸುವ ಜಗ್ ಮಾರುವವರ ಸಹಾಯ ಪುಟ. ಹತ್ತು ತಿಂಗಳಿಗೆ ಒಟ್ಟು ಒಂಬತ್ತು ಲಿಂಕು. ಹಳೆಯ ಏಜೆನ್ಸಿಯ ಎರಡು ವಾರದ ಲೆಕ್ಕಕ್ಕೂ ಸಮ ಇಲ್ಲ!

ಆದರೆ ಆ ಒಂಬತ್ತರಲ್ಲಿ ಆರರಿಂದ ಜನ ಕ್ಲಿಕ್ ಮಾಡಿ ಬಂದರು, ಬಂದವರಲ್ಲಿ ಕೆಲವರು ಕೊಂಡರು. ಕೊಂಡ 240 ಲಿಂಕುಗಳಿಂದ ಇಡೀ ವರ್ಷ ಬಂದವರು, ಅನಲಿಟಿಕ್ಸ್ ಪ್ರಕಾರ, ನಾಲ್ಕು ಜನ. ಲಿಂಕಿನ ಗುಣ ನೋಡಲು ನಾನು ಬಳಸುವ ಮೊದಲ ಅಳತೆ ಇದೇ: ಗೂಗಲ್ ಎಂಬುದೇ ಇಲ್ಲ ಅಂದುಕೊಳ್ಳಿ, ಆಗಲೂ ಈ ಲಿಂಕು ನಿಮಗೆ ಬೇಕೇ? ಡೊಮೈನ್ ಅಥಾರಿಟಿ, ಡೊಮೈನ್ ರೇಟಿಂಗ್ ಎಂಬ ಅಂಕಿಗಳನ್ನು ಏಜೆನ್ಸಿಗಳು ತೋರಿಸುತ್ತವೆ. ಅವು ಖಾಸಗಿ ಸಾಫ್ಟ್‌ವೇರ್ ಕಂಪನಿಗಳ ಅಂದಾಜು, ಗೂಗಲಿನ ಅಳತೆ ಅಲ್ಲ. ಅವನ್ನು ಉಬ್ಬಿಸುವುದೂ ಕಷ್ಟವಲ್ಲ.

ಸಣ್ಣಪುಟ್ಟ ಕೆಲಸಗಳೂ ಇವೆ, ಬೇಗ ಹೇಳಿಬಿಡುತ್ತೇನೆ. ಪುಡಿ ಕಳಿಸುವ ಎಸ್ಟೇಟಿನವರ ತಾಣದಲ್ಲಿ "ಎಲ್ಲೆಲ್ಲಿ ಸಿಗುತ್ತದೆ" ಎಂಬ ಪಟ್ಟಿ ಇತ್ತು, ಇವರ ಹೆಸರೇ ಇರಲಿಲ್ಲ. ಒಂದು ವಾಟ್ಸಾಪ್ ಮೆಸೇಜಿಗೆ ಆ ಕೆಲಸ ಆಯಿತು. ಯಾರಾದರೂ ಅಂಗಡಿಯ ಹೆಸರು ಬರೆದು ಲಿಂಕ್ ಹಾಕದಿದ್ದರೆ ಸೌಜನ್ಯದಿಂದ ಕೇಳಬಹುದು. ದಾಸ್ತಾನು ಮುಗಿದ ಸಾಮಾನಿನ ಪುಟವನ್ನು ಅಳಿಸಬೇಡಿ, ಅದಕ್ಕೆ ಬಂದಿದ್ದ ಲಿಂಕೂ ಅದರ ಜೊತೆಗೇ ಹೋಗುತ್ತದೆ. ಅದಕ್ಕೆ ಹತ್ತಿರದ ಪುಟಕ್ಕೆ 301 ರೀಡೈರೆಕ್ಟ್ ಕೊಡಿ. ಪತ್ರಕರ್ತರು ಮಾಹಿತಿಗಾಗಿ ಎಕ್ಸ್‌ನಲ್ಲಿ "ಜರ್ನೋರಿಕ್ವೆಸ್ಟ್" ಹ್ಯಾಷ್‌ಟ್ಯಾಗ್ ಹಾಕಿ ಕೇಳುತ್ತಿರುತ್ತಾರೆ, ನಿಮಗೆ ನಿಜವಾಗಿ ಗೊತ್ತಿರುವುದಿದ್ದರೆ ಉತ್ತರಿಸಿ.

ನಡೆಯುವ ಅಂಗಡಿಯನ್ನೇ ಕೊಳ್ಳುವವರಿಗೆ ಒಂದು ಮಾತು. ಮಾರುವವನು "ಶೇ. 70 ಟ್ರಾಫಿಕ್ ಆರ್ಗ್ಯಾನಿಕ್" ಎಂದು ಹೆಮ್ಮೆಯಿಂದ ಹೇಳಿದರೆ, ಲಾಭದ ಮೂರು ಪಟ್ಟು ಬೆಲೆ ಕಟ್ಟುವ ಮೊದಲು ಸರ್ಚ್ ಕನ್ಸೋಲಿಗೆ ಪ್ರವೇಶ ಕೇಳಿ. ಪುಕ್ಕಟೆ ಸಾಧನ ಅದು. ಮ್ಯಾನುಯಲ್ ಆಕ್ಷನ್ ಇದೆಯೇ, ಲಿಂಕ್ ವರದಿಯಲ್ಲಿ ಒಂದೇ ಮಾರಾಟದ ಪದ ನೂರಾರು ಸಲ ಇದೆಯೇ, ಕ್ಲಿಕ್ಕುಗಳು ಹದಿನಾರು ತಿಂಗಳಲ್ಲಿ ಹೇಗೆ ಸಾಗಿವೆ ನೋಡಿ. ಆಮೇಲೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಎಸ್‌ಇಒ ಏಜೆನ್ಸಿಗೆ ಹೋದ ಹಣ ಹುಡುಕಿ. ಕೊಂಡ ಲಿಂಕುಗಳು ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಸಾಲವಾಗಿ ಕಾಣೋದಿಲ್ಲ. ಆದರೆ ಅವು ತಂದ ಲಾಭ ಬೆಲೆಯಲ್ಲಿ ಸೇರಿರುತ್ತದೆ, ಅವು ನಾಳೆ ಸೊನ್ನೆಯಾದರೆ ನಷ್ಟ ನಿಮ್ಮದು. ಪ್ರವೇಶ ಕೊಡಲು ಹಿಂಜರಿದರೆ ನಾನಾದರೆ ಅಲ್ಲಿಂದಲೇ ಎದ್ದು ಬರುತ್ತೇನೆ.

ಗೆಳೆಯನ ಹಳೆಯ 240 ಲಿಂಕುಗಳ ಗತಿ? ಡಿಸ್‌ಅವೋ ಸಾಧನದಲ್ಲಿ ಎಲ್ಲವನ್ನೂ ತುಂಬಿಬಿಡೋಣ ಅಂದ. ಬೇಡ ಅಂದೆ. ಮ್ಯಾನುಯಲ್ ಆಕ್ಷನ್ ಬಂದಿಲ್ಲ. ಹೆಚ್ಚಿನ ತಾಣಗಳಿಗೆ ಆ ಸಾಧನದ ಅಗತ್ಯವೇ ಇಲ್ಲ ಎಂದು ಗೂಗಲೇ ಹೇಳುತ್ತದೆ, ತಪ್ಪಾಗಿ ಬಳಸಿದರೆ ಒಳ್ಳೆಯ ಲಿಂಕೂ ಹೋದೀತು. ಪಟ್ಟಿಯನ್ನು ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡಿದ್ದಾನೆ, ನೋಟಿಸ್ ಬಂದರೆ ಕೈಗೆ ಸಿಗಲಿ ಅಂತ. ಏಜೆನ್ಸಿಗೆ ಹೋಗುತ್ತಿದ್ದ ಡೈರೆಕ್ಟ್ ಡೆಬಿಟ್ ನಿಲ್ಲಿಸಿದ ತಿಂಗಳೂ, ಅದರ ಮುಂದಿನ ತಿಂಗಳೂ ಆರ್ಡರುಗಳು ಇದ್ದ ಹಾಗೇ ಇದ್ದವು. ಅವನಿಗೆ ನಿಜವಾಗಿ ಸಿಟ್ಟು ಬಂದದ್ದು ಅದನ್ನು ನೋಡಿದಾಗ.

ಈಗ ಸೌತ್ ಇಂಡಿಯನ್ ಕಾಫಿ ಫಿಲ್ಟರ್ ಎಂದು ಇಲ್ಲಿ ಹುಡುಕಿದರೆ ಅವರು ಮೂರನೆಯ ಪುಟದಿಂದ ಮೊದಲ ಪುಟದ ಕೆಳಭಾಗಕ್ಕೆ ಬಂದಿದ್ದಾರೆ. ಲಿಂಕುಗಳಿಂದಲೇ ಬಂತು ಎಂದು ಆಣೆ ಮಾಡಿ ಹೇಳಲಾರೆ, ಅದೇ ಹೊತ್ತಿಗೆ ತಾಣದ ವೇಗವನ್ನೂ ಸರಿಪಡಿಸಿದ್ದರು. ಐಸಾದ ಹದಿನೈದು ಸಾವಿರದಲ್ಲಿ ಎರಡು ಸಾವಿರ ಮಾತ್ರ ತೆಗೆದು ದೀಪಾವಳಿಗೆ ಮೊದಲು ಹಿತ್ತಾಳೆ ಫಿಲ್ಟರ್ ತರಿಸಿದರು, ಉಳಿದದ್ದು ಇಂಡೆಕ್ಸ್ ಫಂಡಿನಲ್ಲೇ ಇದೆ. ಆಕೆ ಈಗ ಓಟ್ ಹಾಲು ಬಿಸಿ ಡಿಕಾಕ್ಷನ್ನಿಗೆ ಹಾಕಿದಾಗ ಯಾಕೆ ಒಡೆಯುತ್ತದೆ ಎಂದು ಏಳು ಬ್ರ್ಯಾಂಡ್ ತಂದಿಟ್ಟುಕೊಂಡು ಅಳೆಯುತ್ತಿದ್ದಾರೆ. ಹೋದ ಭಾನುವಾರ ಅವರ ಮನೆಗೆ ಹೋಗಿದ್ದೆ, ನಾಲ್ಕು ಲೋಟ ಒಡೆದ ಕಾಫಿಯ ರುಚಿ ನೋಡಿ ಬಂದೆ.